ತೇಪೆ ಹಾಕಲು ಬಂದವರು

ನಮ್ಮ ಮನೆಗೆ ಅಡುಗೆ ಅನಿಲ ಬಂದುದು ನಾಲ್ಕಾರು ವರ್ಷ ಸರದಿಯಲ್ಲಿ ಕಾದ ಮೇಲೆ. ಸಿಲಿಂಡರು ಬೇಕಾದರೆ ಜತೆಗೆ ತಮ್ಮ ಅಂಗಡಿಯ ಒಲೆಯನ್ನೂ ಕೊಳ್ಳಬೇಕೆಂದು ಏಜೆನ್ಸಿಯವರು ಹೇಳಿದರು. ಒಲೆಯನ್ನು ಸೋದರಮಾವ ಆಗಲೇ ತಂದುಕೊಟ್ಟಿದ್ದರು. ಹಾಗೆಂದರೆ, "ಇದ್ದರೇನಂತೆ ಸ್ವಾಮಿ, ಎರಡಿರಲಿ" ಎಂಬ ಉತ್ತರ ಬಂತು. ತಂದೆಯವರು ಜಗಳವಾಡುವ ಸ್ವಭಾವದವರಲ್ಲ. ಎರಡನೆಯ ಒಲೆ ಅಟ್ಟವೇರಿತು.

ಆ ಒಲೆ ಮೊನ್ನೆ ನೆನಪಾದುದಕ್ಕೆ ಕಾರಣವಿದೆ. ಬೆಳಿಗ್ಗೆ ಹನ್ನೊಂದು ಗಂಟೆಯೊಳಗಾಗಿ ಒಂದು ಅರ್ಜಿಯನ್ನು ಕಳುಹಿಸಬೇಕಾಗಿತ್ತು. ಹತ್ತೂಕಾಲಿಗೆ ಕಂಪ್ಯೂಟರಿನ ಮುಂದೆ ಕುಳಿತೆ. ಪರದೆಯ ಮೇಲೆ ಬಿಳಿಯ ಚುಕ್ಕೆಗಳು ಗಾಣದೆತ್ತಿನಂತೆ ಸುತ್ತುತ್ತಿದ್ದುವು; ಕೆಳಗೆ, ನವೀಕರಣ ನಡೆಯುತ್ತಿದೆ, ಯಂತ್ರವನ್ನು ಆರಿಸಬೇಡಿರೆಂಬ ಅಪ್ಪಣೆ. ಶೇಕಡಾ ಇಪ್ಪತ್ತೇಳು ಎಂದು ತೋರಿಸಿದ ಲೆಕ್ಕ ಅರ್ಧ ಗಂಟೆ ಕಳೆದರೂ ಇಪ್ಪತ್ತೇಳಾಗಿಯೇ ಇತ್ತು. ಹನ್ನೊಂದೂಕಾಲಿಗೆ ಯಂತ್ರ ಕಣ್ಣು ಬಿಟ್ಟಾಗ ಒಳಗೆ ಇಬ್ಬರು ಹೊಸ ಅತಿಥಿಗಳು ಕುಳಿತಿದ್ದರು: ಒಂದು ಇಸ್ಪೀಟಿನಾಟ, ಇನ್ನೊಂದು ನನಗೆ ಯಾವ ಕಾಲಕ್ಕೂ ಬೇಕಾಗದ ಸುದ್ದಿಪಟ್ಟಿ. ಅರ್ಜಿಯ ಮಾತು ಬೇಡ.

ಈ ಗೋಳು ನನ್ನೊಬ್ಬನದಲ್ಲವೆಂದು ಓದುಗರು ಬಲ್ಲರು. ಆದರೆ ಇದಕ್ಕೊಂದು ಚರಿತ್ರೆಯಿದೆಯೆಂಬುದನ್ನು ನಾವು ಸಾಮಾನ್ಯವಾಗಿ ಯೋಚಿಸುವುದಿಲ್ಲ. ರಿಪೇರಿಗೆಂದು ಬಂದವನು ಮನೆಯ ಬೀಗದ ಕೈಯನ್ನು ಹೇಗೆ ಪಡೆದ, ಪಡೆದ ಮೇಲೆ ತನ್ನ ಚೀಲದಲ್ಲಿ ಏನೇನು ತಂದ, ಅದರಿಂದ ಬೇಸತ್ತ ಜನ ಬಾಗಿಲು ಹಾಕಿಕೊಂಡಾಗ ಏನಾಯಿತು ಎಂಬುದೇ ಆ ಚರಿತ್ರೆ. ಎಂಬತ್ತು ವರ್ಷಗಳ ಕಥೆ. ಅದರಲ್ಲಿ ಮೊದಲಿನ ಐವತ್ತು ವರ್ಷಗಳನ್ನು ಬೇಗ ದಾಟಬಹುದು.

ಕಂಪ್ಯೂಟರಿನವರು ಇಂಥ ತಿದ್ದುಪಡಿಗೆ ಪ್ಯಾಚ್ ಎನ್ನುತ್ತಾರೆ, ಎಂದರೆ ತೇಪೆ. ಇದು ಅಲಂಕಾರಕ್ಕಾಗಿ ಹುಟ್ಟಿದ ಮಾತಲ್ಲ. 1944ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಕೆಲಸಕ್ಕೆ ತೊಡಗಿದ ಮಾರ್ಕ್ ಒಂದು ಎಂಬ ದೈತ್ಯಯಂತ್ರಕ್ಕೆ ಆಜ್ಞೆಗಳನ್ನು ಕೊಡುತ್ತಿದ್ದುದು ರಂಧ್ರಗಳನ್ನು ಕೊರೆದ ಕಾಗದದ ಪಟ್ಟಿಯ ಮೂಲಕ. ತಪ್ಪು ರಂಧ್ರ ಬಿದ್ದರೆ ಅದರ ಮೇಲೆ ಕಾಗದದ ಚೂರನ್ನು ಅಂಟಿಸಿ ಮುಚ್ಚುತ್ತಿದ್ದರು. ಹಾಗೆ ತೇಪೆ ಹಾಕಿದ ಪಟ್ಟಿಯನ್ನು ಇಂದಿಗೂ ಅಮೆರಿಕದ ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿ ಕಾಪಾಡಿದ್ದಾರೆ. ಮುಂದೆ ಯಂತ್ರಗಳನ್ನು ಮಾರುವವರು ತಿದ್ದಿದ ತುಂಡನ್ನು ಕಳುಹಿಸಿಕೊಡುತ್ತಿದ್ದರು. ಹಳೆಯ ಪಟ್ಟಿಯಲ್ಲಿ ಇಂಥ ಕಡೆ ಕತ್ತರಿಸಿ ಇದನ್ನು ಜೋಡಿಸಿಕೊಳ್ಳಿ ಎಂದು ಸೂಚನೆ ಇರುತ್ತಿತ್ತು. ಕತ್ತರಿ ಗಿರಾಕಿಯ ಕೈಯಲ್ಲಿತ್ತು. ಬೇಡವೆನಿಸಿದರೆ ಆ ತುಂಡನ್ನು ಮೇಜಿನ ಖಾನೆಯಲ್ಲಿ ಹಾಕಿ ಸುಮ್ಮನಿರಬಹುದಾಗಿತ್ತು.

ಕತ್ತರಿ ಗಿರಾಕಿಯದಾದರೂ ಗಂಟು ಮಾತ್ರ ಅಂಗಡಿಯವನದೇ. ಆ ಕಾಲದಲ್ಲಿ ಯಂತ್ರ, ಅದನ್ನು ನಡೆಸುವ ತಂತ್ರಾಂಶ, ಕಲಿಸಿಕೊಡುವ ಎಂಜಿನಿಯರು ಎಲ್ಲವೂ ಒಂದೇ ಮೂಟೆ, ಒಂದೇ ಬಾಡಿಗೆ. ಈ ಮೂಟೆಯ ದೊಡ್ಡ ಒಡೆಯ ಐಬಿಎಂ ಕಂಪೆನಿ. 1969ರ ಜನವರಿ 17ರಂದು ಅಮೆರಿಕದ ಸರಕಾರ ಅದರ ಮೇಲೆ ಏಕಸ್ವಾಮ್ಯದ ದಾವೆ ಹೂಡಿತು. ಅದೇ ವರ್ಷ ಜೂನ್ 23ರಂದು, ಇನ್ನು ಮುಂದೆ ತಂತ್ರಾಂಶಕ್ಕೂ ಸೇವೆಗಳಿಗೂ ಬೇರೆ ಬೇರೆ ಬೆಲೆ ಕಟ್ಟುವುದಾಗಿ ಐಬಿಎಂ ಪ್ರಕಟಿಸಿತು. ದಾವೆಯ ಹೆದರಿಕೆಯಿಂದಲೋ, ಲಾಭದ ಲೆಕ್ಕಾಚಾರದಿಂದಲೋ, ಅದರ ಚರ್ಚೆ ಮುಗಿದಿಲ್ಲ, ಗಂಟಂತೂ ಬಿಚ್ಚಿತು. ತಂತ್ರಾಂಶವೆಂಬುದು ತನ್ನಷ್ಟಕ್ಕೆ ತಾನೇ ಮಾರಬಲ್ಲ ಸರಕಾದುದು ಈ ಪ್ರಕಟಣೆಯ ಅನಂತರ. ಮುಂದೆ ನಮ್ಮ ಬೆಂಗಳೂರಿನಲ್ಲಿ ಲಕ್ಷಾಂತರ ಜನ ಆ ಕಸುಬಿನಿಂದ ಅನ್ನ ಉಣ್ಣುವಂತಾದುದಕ್ಕೆ ಹಲವು ಕಾರಣಗಳಲ್ಲಿ ಇದೂ ಒಂದು.

ಆಶ್ಚರ್ಯವೆಂದರೆ, ನಮ್ಮ ಸಂಸತ್ತು ಏಕಸ್ವಾಮ್ಯ ಮತ್ತು ನಿರ್ಬಂಧಕ ವ್ಯಾಪಾರ ಪದ್ಧತಿಗಳ ಕಾನೂನನ್ನು ಮಾಡಿದುದೂ ಅದೇ 1969ರ ಕೊನೆಯಲ್ಲಿ. 1970ರ ಜೂನ್ 1ರಿಂದ ಅದು ಜಾರಿಗೆ ಬಂತು. ಒಂದು ಸರಕಿಗೆ ಇನ್ನೊಂದನ್ನು ಕಟ್ಟಿ ಮಾರುವುದನ್ನು ಆ ಕಾನೂನು ನಿರ್ಬಂಧಕ ಪದ್ಧತಿಯೆಂದೇ ಹೆಸರಿಸಿತ್ತು. ಅದು ಜಾರಿಯಲ್ಲಿರುವಾಗಲೇ ಎರಡನೆಯ ಒಲೆ ನಮ್ಮ ಅಟ್ಟವನ್ನೇರಿತೆಂಬುದು ಬೇರೆ ಮಾತು.

ಇನ್ನು ನೇರವಾಗಿ 1998ಕ್ಕೆ ಬರೋಣ. ಆ ವೇಳೆಗೆ ಕಂಪ್ಯೂಟರು ಮೇಜಿನ ಮೇಲೆ ಕೂರುವಷ್ಟು ಚಿಕ್ಕದಾಗಿತ್ತು. ಬಹುಪಾಲು ಮೇಜುಗಳ ಮೇಲೆ ಮೈಕ್ರೋಸಾಫ್ಟ್ ಕಂಪೆನಿಯ ವಿಂಡೋಸ್ ನಡೆಯುತ್ತಿತ್ತು. ಅಂತರ್ಜಾಲ ಹೊಸದಾಗಿ ಬಂದಿತ್ತು. ಅದನ್ನು ನೋಡಲು ನೆಟ್‌ಸ್ಕೇಪ್ ಎಂಬ ಬ್ರೌಸರನ್ನು ಜನ ಬಳಸುತ್ತಿದ್ದರು. ಮೈಕ್ರೋಸಾಫ್ಟಿನವರು ತಮ್ಮ ಇಂಟರ್ನೆಟ್ ಎಕ್ಸ್‌ಪ್ಲೋರರನ್ನು ವಿಂಡೋಸಿನ ಜತೆಗೇ ಕಟ್ಟಿ ಕೊಡತೊಡಗಿದರು. ಮೇ 18ರಂದು ಅಮೆರಿಕದ ಸರಕಾರ ಕೋರ್ಟಿಗೆ ಹೋಯಿತು. ಜೂನ್ 25ರಂದು, ದಾವೆ ಹೂಡಿ ನಲವತ್ತು ದಿನವೂ ಆಗಿರಲಿಲ್ಲ, ವಿಂಡೋಸ್ 98 ಪೇಟೆಗೆ ಬಂತು. ಅದರಲ್ಲಿ ಬ್ರೌಸರು ಗೋಡೆಯೊಳಗಿನ ಕಂಬದಂತೆ ಸೇರಿಹೋಗಿತ್ತು. ಅದರೊಡನೆಯೇ ಇನ್ನೊಂದು ಹೊಸ ಸೌಕರ್ಯವೂ ಬಂತು: ವಿಂಡೋಸ್ ಅಪ್‌ಡೇಟ್. ಡಿಸ್ಕಿಗಾಗಿ ಅಂಚೆಯವನ ದಾರಿ ಕಾಯಬೇಕಾಗಿಲ್ಲ, ಅಂತರ್ಜಾಲದ ಒಂದು ತಾಣಕ್ಕೆ ಹೋದರೆ ತೇಪೆಗಳು ಅಲ್ಲಿಯೇ ಸಿಕ್ಕುತ್ತವೆ. ಆದರೆ ಆ ತಾಣದ ಬಾಗಿಲು ತೆರೆಯುತ್ತಿದ್ದುದು ಇಂಟರ್ನೆಟ್ ಎಕ್ಸ್‌ಪ್ಲೋರರಿಗೆ ಮಾತ್ರ. ಯಾವ ಗಂಟಿನ ಮೇಲೆ ಮೊಕದ್ದಮೆ ನಡೆಯುತ್ತಿತ್ತೋ ಆ ಗಂಟಿನೊಳಗಿನಿಂದಲೇ ರಿಪೇರಿಯ ಅಂಗಡಿಗೆ ದಾರಿ.

ಮೊಕದ್ದಮೆಯ ಮುಂದಿನ ಕಥೆ ಅನೇಕರಿಗೆ ಗೊತ್ತು. ಕಂಪೆನಿಯನ್ನು ಎರಡಾಗಿ ಒಡೆಯಬೇಕೆಂದು ನ್ಯಾಯಾಧೀಶ ಜಾಕ್ಸನ್ನರು 2000ದ ಜೂನಿನಲ್ಲಿ ತೀರ್ಪಿತ್ತರು; ಒಂದು ವರ್ಷದ ಬಳಿಕ ಮೇಲಿನ ಕೋರ್ಟು ಒಡೆಯುವ ಆಜ್ಞೆಯನ್ನು ರದ್ದು ಮಾಡಿತು, ಆದರೆ ಏಕಸ್ವಾಮ್ಯವನ್ನು ಅಕ್ರಮವಾಗಿ ಉಳಿಸಿಕೊಂಡಿತೆಂಬ ಮಾತನ್ನು ಎತ್ತಿಹಿಡಿಯಿತು. ಅಷ್ಟರೊಳಗೆ ನೆಟ್‌ಸ್ಕೇಪು ಇನ್ನೊಂದು ಕಂಪೆನಿಯ ಪಾಲಾಗಿತ್ತು. ಯೂರೋಪಿನವರು ಇನ್ನೂ ಬಹಳ ಕಾಲ ಬೆನ್ನು ಹತ್ತಿದರು. ಅಲ್ಲಿ 2010ರಿಂದ ಬಳಕೆದಾರನ ಮುಂದೆ ಹಲವು ಬ್ರೌಸರುಗಳ ಪಟ್ಟಿಯನ್ನಿಟ್ಟು, ಬೇಕಾದುದನ್ನು ಆರಿಸಿಕೊಳ್ಳಿ ಎನ್ನಬೇಕೆಂದು ಒಪ್ಪಂದವಾಯಿತು. 2011ರಿಂದ 2012ರವರೆಗೆ ಹದಿನಾಲ್ಕು ತಿಂಗಳ ಕಾಲ ಸುಮಾರು ಒಂದೂವರೆ ಕೋಟಿ ಜನಕ್ಕೆ ಆ ಪಟ್ಟಿ ಕಾಣಿಸಲೇ ಇಲ್ಲ. ತಾಂತ್ರಿಕ ತಪ್ಪು ಎಂದರು. 2013ರಲ್ಲಿ 56 ಕೋಟಿ 10 ಲಕ್ಷ ಯೂರೋ ದಂಡ ಬಿತ್ತು.

ಗಂಟಿನ ಕಥೆ ಹೀಗೆ ಕೋರ್ಟಿನಲ್ಲಿ ನಡೆಯುತ್ತಿದ್ದಾಗ ಬೀಗದ ಕೈಯ ಕಥೆ ಬೇರೊಂದು ದಾರಿ ಹಿಡಿಯಿತು. ಇಲ್ಲಿ ಕಂಪೆನಿಗಳ ಪರವಾಗಿಯೂ ಒಂದು ಮಾತು ಹೇಳಬೇಕು. ತೇಪೆಯನ್ನು ತಾಣದಲ್ಲಿ ಇಟ್ಟರೆ ಸಾಲದು, ಜನ ಹೋಗಿ ತರಬೇಕು. ಜನ ತರಲಿಲ್ಲ. 2003ರ ಜನವರಿ 25ರಂದು ಸ್ಲ್ಯಾಮರ್ ಎಂಬ ಹುಳು ಲೋಕದ ಜಾಲವನ್ನೇ ತಡವರಿಸುವಂತೆ ಮಾಡಿತು. ಅದನ್ನು ತಡೆಯುವ ತೇಪೆ ಆರು ತಿಂಗಳ ಹಿಂದೆಯೇ ಸಿದ್ಧವಾಗಿತ್ತು. ಅದೇ ಆಗಸ್ಟಿನಲ್ಲಿ ಬಂದ ಬ್ಲಾಸ್ಟರ್ ಎಂಬುದಕ್ಕೂ ಒಂದು ತಿಂಗಳ ಹಿಂದೆಯೇ ತೇಪೆ ಹೊರಟಿತ್ತು. ಬ್ಲಾಸ್ಟರ್ ತಗುಲಿದ ಯಂತ್ರ ಅರವತ್ತು ಸೆಕೆಂಡು ಎಣಿಸಿ ತಾನಾಗಿ ಆರಿ ಮತ್ತೆ ಹೊತ್ತಿಕೊಳ್ಳುತ್ತಿತ್ತು. ಅದರ ಹೊಟ್ಟೆಯಲ್ಲಿ ಬಿಲ್ ಗೇಟ್ಸರಿಗೊಂದು ಒಕ್ಕಣೆಯಿತ್ತು: ಹಣ ಮಾಡುವುದನ್ನು ಬಿಟ್ಟು ತಂತ್ರಾಂಶವನ್ನು ಸರಿಪಡಿಸಿ ಎಂಬ ಅರ್ಥದ್ದು. ಬರೆದವನ ಕುಚೋದ್ಯ ಅಷ್ಟಕ್ಕೇ ನಿಲ್ಲಲಿಲ್ಲ. ಆಗಸ್ಟ್ 16ರಂದು ಸೋಂಕಿದ ಯಂತ್ರಗಳೆಲ್ಲ ಒಟ್ಟಾಗಿ ತೇಪೆ ಹಂಚುವ ತಾಣದ ಮೇಲೆಯೇ ಮುಗಿಬೀಳುವಂತೆ ಹುಳುವಿಗೆ ಹೇಳಿಕೊಟ್ಟಿದ್ದ. ಔಷಧದ ಅಂಗಡಿಗೇ ಬೆಂಕಿಯಿಡುವ ಉಪಾಯ. ಅದು ಗುರಿಯಿಟ್ಟ ವಿಳಾಸವನ್ನೇ ಕಂಪೆನಿಯವರು ಮುಚ್ಚಿ ಪಾರಾದರು.

ಎರಡು ದಿನಗಳ ಬಳಿಕ ನಡೆದುದು ಇನ್ನೂ ವಿಚಿತ್ರ. ವೆಲ್ಚಿಯ ಎಂಬ ಮತ್ತೊಂದು ಹುಳು ಹೊರಟಿತು. ಇದೂ ಬ್ಲಾಸ್ಟರ್ ಬಂದ ಕಂಡಿಯಿಂದಲೇ ಒಳಗೆ ನುಗ್ಗುತ್ತಿತ್ತು. ನುಗ್ಗಿ, ಬ್ಲಾಸ್ಟರನ್ನು ಕೊಂದು, ಮೈಕ್ರೋಸಾಫ್ಟಿನ ತಾಣದಿಂದ ತೇಪೆಯನ್ನು ತರಿಸಿ, ತಾನೇ ಹಾಕಿ, ಯಂತ್ರವನ್ನು ಮತ್ತೆ ಹೊತ್ತಿಸುತ್ತಿತ್ತು. 2004 ಬಂದೊಡನೆ ತನ್ನನ್ನು ತಾನೇ ಅಳಿಸಿಕೊಳ್ಳುವಂತೆ ಏರ್ಪಾಡೂ ಇತ್ತು! ಇದನ್ನು ಬರೆದವನು ತನ್ನನ್ನು ಪರೋಪಕಾರಿಯೆಂದೇ ತಿಳಿದಿರಬೇಕು. ಆದರೆ ಲಕ್ಷಾಂತರ ಪರೋಪಕಾರಿಗಳು ಒಂದೇ ಹೊತ್ತಿನಲ್ಲಿ ಬೀದಿಗಿಳಿದುದರಿಂದ ಜಾಲಗಳು ಕಟ್ಟಿಹೋದುವು. ಅಮೆರಿಕದ ನೌಕಾಪಡೆಯ ಆಂತರಿಕ ಜಾಲವೂ ತೊಂದರೆಗೆ ಸಿಕ್ಕಿತು. ರೋಗದ ಹುಳುವಿಗಿಂತ ವೈದ್ಯನ ಹುಳು ಹೆಚ್ಚು ಗದ್ದಲ ಮಾಡಿತೆಂದು ಆಗ ಹೇಳಿದವರಿದ್ದಾರೆ. ಕೇಳದೆ ಒಳಗೆ ಬಂದು, ಒಳ್ಳೆಯದಕ್ಕೆಂದೇ ತೇಪೆ ಹಾಕಿ, ಹೇಳದೆ ಯಂತ್ರವನ್ನು ಆರಿಸಿ ಹೊತ್ತಿಸುವ ಈ ನಡವಳಿಕೆಯನ್ನು 2003ರಲ್ಲಿ ಎಲ್ಲರೂ ಅಪರಾಧವೆಂದು ಕರೆದರೆಂಬುದನ್ನು ಓದುಗರು ನೆನಪಿನಲ್ಲಿಡಬೇಕು.

ಆ ಅಕ್ಟೋಬರಿನಿಂದ ಮೈಕ್ರೋಸಾಫ್ಟ್ ಪ್ರತಿ ತಿಂಗಳ ಎರಡನೆಯ ಮಂಗಳವಾರವನ್ನು ತೇಪೆಯ ದಿನವೆಂದು ಗೊತ್ತುಮಾಡಿತು. ಅಲ್ಲಿಯ ಮಂಗಳವಾರ ಬೆಳಿಗ್ಗೆ ನಮಗೆ ರಾತ್ರಿ ಹತ್ತು ಹನ್ನೊಂದು ಗಂಟೆ. ಆದುದರಿಂದ ನಮ್ಮ ಪಾಲಿಗೆ ಇದು ಬುಧವಾರದ ವಿಘ್ನ. 2004ರ ಆಗಸ್ಟಿನಲ್ಲಿ ಬಂದ ಎಕ್ಸ್‌ಪಿಯ ದೊಡ್ಡ ತಿದ್ದುಪಡಿ, ತೇಪೆಗಳು ತಾವಾಗಿ ಬಂದು ಕೂಡಲಿ ಎಂದು ಒಪ್ಪಿಗೆ ಕೊಡಿರೆಂದು ಬಳಕೆದಾರರನ್ನು ಒತ್ತಾಯಿಸಿತು. ಹುಳುಗಳ ಕಾಟ ಕಂಡಿದ್ದ ಜನ ಒಪ್ಪಿದರು. ಬೀಗದ ಕೈ ಕೈಬದಲಾಯಿಸಿದುದು ಆಗಲೇ. ಹೆದರಿಕೆಯಿಂದ ಕೊಟ್ಟರು, ನಂಬಿಕೆಯಿಂದಲೂ ಕೊಟ್ಟರು. ಆ ಹೊತ್ತಿಗೆ ಅದು ಸರಿಯಾದ ತೀರ್ಮಾನವೆಂದೇ ನನಗೆ ತೋರುತ್ತದೆ.

ಕೈಯನ್ನು ಪಡೆದವರು ಅದನ್ನು ಹೇಗೆ ನಡೆಸಿಕೊಂಡರು? 2007ರ ಸೆಪ್ಟೆಂಬರಿನಲ್ಲಿ ಒಂದು ಸಂಗತಿ ಬಯಲಾಯಿತು. ತೇಪೆ ಹಾಕುವ ಮೊದಲು ನನ್ನನ್ನು ಕೇಳು ಎಂದು ಹೇಳಿದ್ದವರ ಯಂತ್ರಗಳಲ್ಲಿಯೂ ವಿಂಡೋಸ್ ಅಪ್‌ಡೇಟ್ ತನ್ನ ಸ್ವಂತ ಭಾಗಗಳನ್ನು ಕೇಳದೆಯೇ ಬದಲಾಯಿಸಿಕೊಂಡಿತ್ತು. ಹಾಗೆ ಮಾಡದಿದ್ದರೆ ಮುಂದಿನ ತೇಪೆಗಳ ಸುದ್ದಿಯೇ ತಲುಪುವುದಿಲ್ಲವಲ್ಲ ಎಂದು ಕಂಪೆನಿಯವರು ಸಮಾಧಾನ ಹೇಳಿದರು. ಮಾತಿನಲ್ಲಿ ತರ್ಕವಿದೆ. ಮನೆಯಾತ ಊರಿನಲ್ಲಿಲ್ಲದಾಗ ಕಾವಲುಗಾರ ಬೀಗವನ್ನು ಬದಲಾಯಿಸಿ, ನಿಮ್ಮ ಒಳ್ಳೆಯದಕ್ಕೇ ಎಂದರೆ, ಅದರಲ್ಲೂ ತರ್ಕವಿರುತ್ತದೆ.

ಅದಕ್ಕೂ ಮುಂಚೆ 2005ರಲ್ಲಿ ಸೋನಿ ಬಿಎಂಜಿಯ ಹಗರಣ ನಡೆದಿತ್ತು. ಹಾಡಿನ ಸಿಡಿಯನ್ನು ಕಂಪ್ಯೂಟರಿಗೆ ಹಾಕಿದರೆ, ನಕಲು ತೆಗೆಯುವುದನ್ನು ತಡೆಯುವ ಗುಪ್ತ ತಂತ್ರಾಂಶವೊಂದು ಒಳಗಿಳಿದು, ಯಜಮಾನನ ಕಣ್ಣಿಗೆ ಬೀಳದಂತೆ ಅಡಗಿ ಕೂರುತ್ತಿತ್ತು. ಮಾರ್ಕ್ ರಸಿನೋವಿಚ್ ಎಂಬ ತಜ್ಞರು ತಮ್ಮ ಯಂತ್ರದಲ್ಲಿಯೇ ಇದನ್ನು ಕಂಡುಹಿಡಿದು ಅಕ್ಟೋಬರ್ 31ರಂದು ಲೋಕಕ್ಕೆ ತಿಳಿಸಿದರು. ಆ ಅಡಗುತಾಣವನ್ನು ಬೇರೆ ಕಳ್ಳರೂ ಬಳಸಿಕೊಂಡರು. ಅದನ್ನು ಕಿತ್ತುಹಾಕಲೆಂದು ಕಂಪೆನಿ ಕೊಟ್ಟ ಉಪಕರಣವೇ ಯಂತ್ರದಲ್ಲಿ ಹೊಸದೊಂದು ಕಂಡಿ ತೆರೆಯಿತು. ಕೊನೆಗೆ ಸಿಡಿಗಳನ್ನು ಹಿಂದಕ್ಕೆ ತರಿಸಿಕೊಂಡರು. ಹಾಡಿಗೆ ದುಡ್ಡು ಕೊಟ್ಟು ಕೊಂಡವನಿಗೆ ಈ ಶಿಕ್ಷೆ. ಕದ್ದು ಕೇಳಿದವನಿಗೆ ಏನೂ ಇಲ್ಲ.

ಆದರೆ ತೇಪೆಯನ್ನೇ ವ್ಯಾಪಾರದ ಗಾಡಿಯಾಗಿ ಮಾಡಿದ ಸ್ಪಷ್ಟವಾದ ಉದಾಹರಣೆ 2008ರ ಮಾರ್ಚಿನದು. ಹಾಡು ಕೇಳಲೆಂದು ಐಟ್ಯೂನ್ಸ್ ಹಾಕಿಕೊಂಡಿದ್ದ ವಿಂಡೋಸ್ ಬಳಕೆದಾರರಿಗೆ ಆಪಲ್ ಕಂಪೆನಿಯ ನವೀಕರಣಪಟ್ಟಿಯಲ್ಲಿ ಸಫಾರಿ ಎಂಬ ಬ್ರೌಸರು ಕಾಣಿಸಿಕೊಂಡಿತು. ಅವರ ಬಳಿ ಸಫಾರಿ ಇರಲೇ ಇಲ್ಲ, ಇಲ್ಲದುದನ್ನು ನವೀಕರಿಸುವುದೆಂತು? ಮುಂದಿನ ಚೌಕದಲ್ಲಿ ಒಪ್ಪಿಗೆಯ ಗುರುತನ್ನು ಮೊದಲೇ ಹಾಕಿಟ್ಟಿದ್ದರು. ಫೈರ್‌ಫಾಕ್ಸ್ ಬ್ರೌಸರಿನ ಸಂಸ್ಥೆ ಮೊಜಿಲ್ಲಾದ ಮುಖ್ಯಸ್ಥರಾಗಿದ್ದ ಜಾನ್ ಲಿಲಿ ಇದನ್ನು ಬಹಿರಂಗವಾಗಿ ಖಂಡಿಸಿದರು. ಅವರು ಪ್ರತಿಸ್ಪರ್ಧಿ, ಅವರ ಮಾತಿನಲ್ಲಿ ಸ್ವಾರ್ಥದ ಲೇಪವಿದ್ದರೂ ಇರಬಹುದು. ಆದರೂ ಅವರೆತ್ತಿದ ಆಕ್ಷೇಪಣೆ ಈ ಇಡೀ ಚರಿತ್ರೆಯ ನಾಡಿಯನ್ನು ಮುಟ್ಟುತ್ತದೆ. ನವೀಕರಣವೆಂದರೆ ರಕ್ಷಣೆಗೆ ಬೇಕಾದುದು ಎಂಬ ನಂಬಿಕೆಯ ಮೇಲೆ ಜನ ಗುಂಡಿಯೊತ್ತುತ್ತಾರೆ. ಆ ನಂಬಿಕೆಯನ್ನು ಮಾರಾಟಕ್ಕೆ ಬಳಸಿದರೆ ನಾಳೆ ನಿಜವಾದ ತೇಪೆಯನ್ನೂ ಅವರು ಒಲ್ಲೆನ್ನುತ್ತಾರೆ, ಅದರಿಂದ ಹಾನಿ ಆಪಲಿಗೆ ಮಾತ್ರವಲ್ಲ, ಜಾಲದಲ್ಲಿರುವ ಎಲ್ಲರಿಗೂ. ಮುಂದಿನ ತಿಂಗಳು ಆಪಲಿನವರು ಹೊಸ ಸರಕನ್ನು ಬೇರೆ ಪಟ್ಟಿಗೆ ಸರಿಸಿದರು. ಚೌಕದ ಗುರುತು ಮಾತ್ರ ಹಾಗೆಯೇ ಉಳಿಯಿತು.

ಜಾವಾದ ಪ್ರಕರಣ ಇದಕ್ಕಿಂತ ಕೆಳಮಟ್ಟದ್ದು. ಬ್ಯಾಂಕು, ಆಫೀಸುಗಳ ಕೆಲಸಕ್ಕೆ ಜಾವಾ ಬೇಕಾಗಿದ್ದ ಕಾಲ ಅದು. ಒರಾಕಲ್ ಕಂಪೆನಿ ಅದರ ಒಡೆತನಕ್ಕೆ ಬಂದುದು 2010ರಲ್ಲಿ. 2013ರ ಜನವರಿಯಲ್ಲಿ ಜಾವಾದಲ್ಲಿ ಅಪಾಯದ ಕಂಡಿಯೊಂದು ಕಂಡುಬಂದು, ಬ್ರೌಸರಿನಲ್ಲಿ ಅದನ್ನು ನಿಲ್ಲಿಸಿಬಿಡಿರೆಂದು ಅಮೆರಿಕದ ಸರಕಾರವೇ ಎಚ್ಚರಿಕೆ ಕೊಟ್ಟಿತು. ಕೆಲವೇ ದಿನಗಳಲ್ಲಿ ತುರ್ತು ತೇಪೆ ಬಂತು. ಅಂಥ ತೇಪೆಯ ಜತೆಯಲ್ಲೂ 'ಆಸ್ಕ್' ಎಂಬ ಹುಡುಕುವ ಪಟ್ಟಿ ಅಂಟಿಕೊಂಡು ಬರುತ್ತಿತ್ತು. ಒಪ್ಪಿಗೆಯ ಗುರುತು ಎಂದಿನಂತೆ ಮೊದಲೇ ಬಿದ್ದಿರುತ್ತಿತ್ತು. ಕಣ್ಣುತಪ್ಪಿ ಒಪ್ಪಿದವನು ಕೂಡಲೇ ನೋಡಿ ತೆಗೆದುಹಾಕಬಾರದೆಂದೋ ಏನೋ, ಅದು ಹತ್ತು ನಿಮಿಷ ಸುಮ್ಮನಿದ್ದು ಆಮೇಲೆ ಕೂರುತ್ತಿತ್ತೆಂದು ಎಡ್ ಬಾಟ್ ಎಂಬ ಪತ್ರಕರ್ತರು ಪರೀಕ್ಷಿಸಿ ಬರೆದರು. ಮನೆಗೆ ಬೆಂಕಿ ಬಿದ್ದಾಗ ಬಂದ ನೀರಿನ ಬಂಡಿಯ ಹಿಂದೆ ಬಳೆಗಾರನನ್ನು ಕೂರಿಸಿ ಕಳುಹಿಸಿದ ಹಾಗೆ. ಇದರ ಮೇಲೆ ಇನ್ನೊಂದು. ಹೊಸ ಜಾವಾ ಬಂದು ಕೂತರೂ, ಕಂಡಿಗಳಿದ್ದ ಬಹಳ ಹಳೆಯ ಜಾವಾಗಳು ಅದೇ ಯಂತ್ರದಲ್ಲಿ ಉಳಿದೇ ಇರುತ್ತಿದ್ದುವು. ಅದನ್ನು ಹೇಳದೆ, ನವೀಕರಿಸಿದರೆ ಕ್ಷೇಮವೆಂದು ಜನರನ್ನು ನಂಬಿಸಿದರೆಂದು ಅಮೆರಿಕದ ವ್ಯಾಪಾರ ಆಯೋಗ ಆರೋಪ ಹೊರಿಸಿ 2015ರ ಡಿಸೆಂಬರಿನಲ್ಲಿ ರಾಜಿ ಮಾಡಿಕೊಂಡಿತು.

ಉಚಿತ ತಂತ್ರಾಂಶಗಳ ಸಂತೆಗಳಲ್ಲಿಯೂ ಇದೇ ಕಥೆ. ಸೋರ್ಸ್‌ಫೋರ್ಜ್ ಎಂಬುದು ಒಂದು ಕಾಲಕ್ಕೆ ನಿಸ್ವಾರ್ಥಿಗಳು ಬರೆದ ತಂತ್ರಾಂಶಗಳ ಅನ್ನಛತ್ರವಾಗಿತ್ತು. ಚಿತ್ರ ತಿದ್ದುವ ಗಿಂಪ್ ಎಂಬುದರ ಕರ್ತೃಗಳು ಬೇಸತ್ತು ಅಲ್ಲಿಂದ ಹೊರಟುಹೋದ ಮೇಲೆ, 2015ರಲ್ಲಿ ಛತ್ರದವರು ಅದೇ ಹೆಸರಿನಲ್ಲಿ ಜಾಹೀರಾತಿನ ಸರಕು ಸೇರಿಸಿದ ಗಂಟನ್ನು ಹಂಚಿ ಸಿಕ್ಕಿಬಿದ್ದರು. ಮುಂದಿನ ವರ್ಷ ಒಡೆತನ ಬದಲಾಯಿತು, ಆ ಪದ್ಧತಿಯೂ ನಿಂತಿತು.

ಇವೆಲ್ಲ ಚಿಲ್ಲರೆ ಎನ್ನಿಸುವಂಥ ಪ್ರಕರಣ ನಡೆದುದು 2015ರ ಜುಲೈ 29ರಂದು ವಿಂಡೋಸ್ 10 ಬಂದಾಗ. ಒಂದು ವರ್ಷ ಕಾಲ ಉಚಿತ. ಉಚಿತವೆಂದರೆ ಯಾರು ಬೇಡವೆಂದಾರು ಎಂದು ಕಂಪೆನಿ ಎಣಿಸಿರಬೇಕು. ಬೇಡವೆಂದವರು ಬಹಳ ಜನ. ತಮ್ಮ ಹಳೆಯ ಪ್ರಿಂಟರು, ಲೆಕ್ಕದ ತಂತ್ರಾಂಶ, ಕಣ್ಣಿಗೆ ರೂಢಿಯಾದ ಪರದೆ ಇವನ್ನು ಬಿಡಲು ಅವರಿಗೆ ಮನಸ್ಸಿರಲಿಲ್ಲ. ಅಂಥವರ ಮನೆಗೆ ಆಹ್ವಾನಪತ್ರಿಕೆ ಬಂದುದು ತೇಪೆಗಳ ಮೂಟೆಯಲ್ಲಿಯೇ. ಕೇಳದವರ ಯಂತ್ರಗಳಿಗೂ ಹಲವು ಗಿಗಾಬೈಟಿನ ಸಾಮಾನು ಮುಂಗಡವಾಗಿ ಇಳಿದು ಕುಳಿತಿತು. ನಮ್ಮಲ್ಲಿ ಡೇಟಾ ಅಗ್ಗವಾದುದು 2016ರ ಸೆಪ್ಟೆಂಬರಿನ ಈಚೆಗೆ. ಅದಕ್ಕೆ ಮೊದಲು ಡಾಂಗಲು ಸಿಕ್ಕಿಸಿಕೊಂಡು ಒಂದೆರಡು ಗಿಗಾಬೈಟಿನಲ್ಲಿ ತಿಂಗಳು ಕಳೆಯುತ್ತಿದ್ದ ಮನೆಗಳಿಗೆ ಇದರ ಬಿಸಿ ಹೇಗೆ ತಟ್ಟಿರಬಹುದೆಂಬುದನ್ನು ಊಹಿಸಬಹುದು. 2016ರ ಮೇ ತಿಂಗಳ ಹೊತ್ತಿಗೆ ವಿಷಯ ವಿಪರೀತಕ್ಕೆ ಹೋಯಿತು. ಪರದೆಯ ಮೇಲಿನ ಯಾವುದೇ ಚೀಟಿಯನ್ನು ಬೇಡವೆನ್ನಲು ಮೂಲೆಯಲ್ಲಿ ಕೆಂಪು ಗುಣಿಸು ಚಿಹ್ನೆಯನ್ನು ಒತ್ತಬೇಕೆಂದು ಇಪ್ಪತ್ತು ವರ್ಷ ಜನಕ್ಕೆ ಕಲಿಸಿದವರು ಇದೇ ಕಂಪೆನಿಯವರು. ಈಗ ಅದನ್ನೇ ಒತ್ತಿದರೆ ಚೀಟಿ ಮುಚ್ಚುತ್ತಿತ್ತು, ಗೊತ್ತಾದ ದಿನದ ನವೀಕರಣಕ್ಕೆ ಮಾತ್ರ ಒಪ್ಪಿಗೆಯಿದೆಯೆಂದೇ ಲೆಕ್ಕವಾಗುತ್ತಿತ್ತು. ಇಲ್ಲವೆಂದು ತಲೆಯಲ್ಲಾಡಿಸಿದುದನ್ನು ಹೂಂ ಎಂದು ಬರೆದುಕೊಂಡ ಹಾಗೆ.

ಕ್ಯಾಲಿಫೋರ್ನಿಯದಲ್ಲಿ ಪ್ರವಾಸದ ವ್ಯವಹಾರ ನಡೆಸುತ್ತಿದ್ದ ಮಹಿಳೆಯೊಬ್ಬರು ಸುಮ್ಮನಾಗಲಿಲ್ಲ. ತಾವು ಒಪ್ಪದೆಯೇ ಬಂದ ಈ ನವೀಕರಣದಿಂದ ಕೆಲಸದ ಯಂತ್ರ ಕೆಟ್ಟು ನಷ್ಟವಾಯಿತೆಂದು ಸಣ್ಣ ದಾವೆಗಳ ಕೋರ್ಟಿಗೆ ಹೋದರು. ಹತ್ತು ಸಾವಿರ ಡಾಲರಿನ ತೀರ್ಪು ಅವರ ಕಡೆಗಾಯಿತು. ತನ್ನದು ತಪ್ಪೆಂದು ಕಂಪೆನಿ ಒಪ್ಪಲಿಲ್ಲ, ಅಪೀಲನ್ನು ಮಾತ್ರ ಕೈಬಿಟ್ಟು ಹಣ ಕೊಟ್ಟಿತು. ಕೆಂಪು ಚಿಹ್ನೆಯ ವಿಷಯದಲ್ಲಿ ತಾವು ಮಿತಿಮೀರಿದೆವೆಂದು ಕಂಪೆನಿಯ ಹಿರಿಯ ಅಧಿಕಾರಿ ಕ್ರಿಸ್ ಕ್ಯಾಪೊಸೆಲ ಆ ವರ್ಷದ ಡಿಸೆಂಬರಿನಲ್ಲಿ ಒಪ್ಪಿಕೊಂಡರು. ಆದರೆ ಅಷ್ಟರೊಳಗೆ ಅನೇಕರು ರೋಸಿಹೋಗಿ, ತೇಪೆಗಳ ಸೌಕರ್ಯವನ್ನೇ ಪೂರ್ತಿಯಾಗಿ ಕಿತ್ತುಹಾಕುವ ಉಪಾಯಗಳನ್ನು ಪರಸ್ಪರ ಹೇಳಿಕೊಟ್ಟಿದ್ದರು. ಮನೆಬಳಕೆಯ ವಿಂಡೋಸ್ 10ರಲ್ಲಿಯಾದರೋ ತೇಪೆ ಬೇಡವೆನ್ನುವ ಗುಂಡಿಯನ್ನೇ ತೆಗೆದುಹಾಕಿದ್ದರು. ವೆಲ್ಚಿಯ ಹುಳು ಮಾಡಿದುದನ್ನು ಈಗ ನಿಯಮವೇ ಮಾಡುತ್ತಿತ್ತು.

2017ರ ಮಾರ್ಚ್ 14ರಂದು ಮೈಕ್ರೋಸಾಫ್ಟ್ ಒಂದು ತೇಪೆಯನ್ನು ಹೊರಡಿಸಿತು. ಎಂದಿನ ಮಂಗಳವಾರ, ಎಂದಿನ ಸೂಚನೆ. ಮೇ 12ರ ಶುಕ್ರವಾರ ವಾನ್ನಕ್ರೈ ಎಂಬ ಹುಳು ಎದ್ದಿತು. ಕಡತಗಳಿಗೆಲ್ಲ ಬೀಗ ಹಾಕಿ, ಬಿಡಿಸಲು ಹಣ ಕೇಳುವ ಜಾತಿಯದು. ನೂರೈವತ್ತು ದೇಶಗಳಲ್ಲಿ ಎರಡು ಲಕ್ಷಕ್ಕೂ ಮಿಕ್ಕ ಯಂತ್ರಗಳಿಗೆ ತಗುಲಿತು. ನಮ್ಮ ನೆರೆಯ ಆಂಧ್ರದ ಪೋಲೀಸರ ಯಂತ್ರಗಳೂ ಅವುಗಳಲ್ಲಿದ್ದುವು. ಇಂಗ್ಲೆಂಡಿನ ಸರಕಾರಿ ಆಸ್ಪತ್ರೆಗಳ 236 ಟ್ರಸ್ಟುಗಳಲ್ಲಿ 81ಕ್ಕೆ ಏಟು ಬಿತ್ತು. ಸುಮಾರು 19,000 ರೋಗಿಗಳ ಸರದಿ ರದ್ದಾಯಿತೆಂದು ಅಂದಾಜು ಮಾಡಿದರು. ಸೋಂಕಿದವುಗಳಲ್ಲಿ ಬಹುಪಾಲು ವಿಂಡೋಸ್ 7ರ ಯಂತ್ರಗಳು. ಎರಡು ತಿಂಗಳ ಹಿಂದಿನ ಆ ತೇಪೆಯನ್ನು ಹಾಕಿಕೊಂಡಿದ್ದರೆ ಉಳಿಯುತ್ತಿದ್ದುವು.

ಆಸ್ಪತ್ರೆಗಳು ತೇಪೆ ಹಾಕದಿದ್ದುದಕ್ಕೆ ಬಳೆಗಾರರ ಕಾಟವೊಂದೇ ಕಾರಣವೆಂದರೆ ಅನ್ಯಾಯವಾದೀತು. ಹಣದ ಅಭಾವ, ಹಳೆಯ ಉಪಕರಣ, ತೇಪೆಯಿಂದ ಏನು ಕೆಟ್ಟೀತೋ ಎಂಬ ಭಯ, ಆಡಳಿತದ ಆಲಸ್ಯ ಎಲ್ಲವೂ ಇದ್ದುವು. ಆದರೆ ಏನು ಕೆಟ್ಟೀತೋ ಎಂಬ ಆ ಭಯ ಗಾಳಿಯಿಂದ ಹುಟ್ಟಿದುದಲ್ಲ. 2018ರ ಅಕ್ಟೋಬರಿನಲ್ಲಿ ವಿಂಡೋಸ್ 10ರ ಒಂದು ನವೀಕರಣ ಕೆಲವರ ಸ್ವಂತ ಕಡತಗಳನ್ನೇ ಅಳಿಸಿಹಾಕಿತು. ನಾಲ್ಕು ದಿನದಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಪರೀಕ್ಷೆಯ ಕಾಲದಲ್ಲಿಯೇ ಕೆಲವರು ಇದನ್ನು ಹೇಳಿದ್ದರು, ಕೇಳಿದವರಿಲ್ಲ. ಮರುವರ್ಷ ಮನೆಬಳಕೆಯವರಿಗೂ 35 ದಿನ ತಡೆಯುವ ಹಕ್ಕನ್ನು ಕೊಟ್ಟರು.

ಇನ್ನು ಕಳ್ಳರು. ಎಲ್ಲ ಮನೆಗಳ ಬೀಗದ ಕೈಯೂ ಒಬ್ಬನಲ್ಲೇ ಇರುವಾಗ ಮನೆಮನೆಗೆ ಕನ್ನ ಹಾಕುವ ಶ್ರಮವೇಕೆ? 2017ರ ಜೂನ್ 27ರಂದು ಯುಕ್ರೇನಿನಲ್ಲಿ ತೆರಿಗೆಯ ಲೆಕ್ಕಕ್ಕೆ ಬಳಸುತ್ತಿದ್ದ ಎಂಇಡಾಕ್ ಎಂಬ ತಂತ್ರಾಂಶದ ನವೀಕರಣದ ಮೂಲಕವೇ ನಾಟ್‌ಪೆಟ್ಯ ಎಂಬ ವಿನಾಶಕ ಹುಳುವನ್ನು ಹರಿಯಬಿಟ್ಟರು. ತಪ್ಪದೆ ನವೀಕರಿಸಿಕೊಂಡ ಶಿಸ್ತಿನವರೇ ಮೊದಲು ಬಲಿಯಾದರು. ಅಲ್ಲಿಂದ ಅದು ಮರ್ಸ್ಕ್ ಎಂಬ ಹಡಗು ಕಂಪೆನಿಗೆ ಹಬ್ಬಿ, ಮುಂಬಯಿಯ ಬಳಿಯ ಜವಾಹರಲಾಲ್ ನೆಹರೂ ಬಂದರಿನಲ್ಲಿ ಅದರ ಕಟ್ಟೆಯ ಕೆಲಸವನ್ನೂ ನಿಲ್ಲಿಸಿತು.

ಕಳ್ಳರಿಲ್ಲದೆಯೂ ಅನಾಹುತವಾಗಬಹುದೆಂಬುದಕ್ಕೆ 2024ರ ಜುಲೈ 19ರ ಶುಕ್ರವಾರ ಸಾಕ್ಷಿ. ಕ್ರೌಡ್‌ಸ್ಟ್ರೈಕ್ ಎಂಬ ರಕ್ಷಣಾ ತಂತ್ರಾಂಶದ ಕಂಪೆನಿಯಿಂದ ನಮ್ಮ ಬೆಳಗಿನ 9 ಗಂಟೆ 39 ನಿಮಿಷಕ್ಕೆ ಒಂದು ಪುಟ್ಟ ನವೀಕರಣ ಹೊರಟಿತು. 78 ನಿಮಿಷದಲ್ಲಿ ಹಿಂದಕ್ಕೆ ತೆಗೆದುಕೊಂಡರು. ಅಷ್ಟರೊಳಗೆ 85 ಲಕ್ಷ ಯಂತ್ರಗಳು ನೀಲಿ ಪರದೆ ತೋರಿಸಿ ಮಲಗಿದ್ದುವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಯಲ್ಲಿ ಬರೆದ ಚೀಟಿಗಳನ್ನು ಕೊಟ್ಟರು. ಬಹಳ ದಿನಗಳ ಮೇಲೆ ಮನುಷ್ಯನ ಅಕ್ಷರ ಕಂಡು ಸಂತೋಷಪಟ್ಟವರೂ ಇದ್ದರಂತೆ.

ನಮ್ಮ ಜೇಬಿನಲ್ಲಿರುವ ಫೋನು ಈ ಚರಿತ್ರೆಯ ಹೊರಗಿಲ್ಲ. 2018ರ ಆಗಸ್ಟಿನಲ್ಲಿ ಲಕ್ಷಾಂತರ ಭಾರತೀಯರು ತಮ್ಮ ಫೋನಿನ ವಿಳಾಸಪುಸ್ತಕದಲ್ಲಿ ಆಧಾರ್ ಪ್ರಾಧಿಕಾರದ ಹಳೆಯ ಸಹಾಯವಾಣಿಯ ಸಂಖ್ಯೆಯನ್ನು ಕಂಡು ಬೆಚ್ಚಿದರು. ಬರೆದವರಾರು? ತಾವಲ್ಲವೆಂದು ಪ್ರಾಧಿಕಾರ ಹೇಳಿತು. 2014ರಲ್ಲಿ ಭಾರತಕ್ಕಾಗಿ ಸಿದ್ಧಪಡಿಸಿದ ಆಂಡ್ರಾಯ್ಡಿನಲ್ಲಿ ಅದು ಕೈತಪ್ಪಿ ಸೇರಿಹೋಗಿತ್ತೆಂದು ಕೊನೆಗೆ ಗೂಗಲ್ ಒಪ್ಪಿತು. ಒಂದು ಸಂಖ್ಯೆ ಬಂದುದರಿಂದ ಯಾರ ಗಂಟೂ ಹೋಗಲಿಲ್ಲ, ನಿಜ. ಬೀಗದ ಕೈ ತನ್ನಲ್ಲಿಲ್ಲವೆಂಬುದು ಸಾಮಾನ್ಯನಿಗೆ ಹೊಳೆದುದು ಆ ದಿನ. 2025ರ ನವೆಂಬರ್ 28ರಂದು ಕೇಂದ್ರ ದೂರಸಂಪರ್ಕ ಇಲಾಖೆಯೇ ತನ್ನ ಸಂಚಾರ ಸಾಥಿ ಆ್ಯಪನ್ನು ಎಲ್ಲ ಹೊಸ ಫೋನುಗಳಲ್ಲಿ ಮೊದಲೇ ಹಾಕಿ ಕೊಡಬೇಕೆಂದು ತಯಾರಕರಿಗೆ ಆಜ್ಞೆ ಮಾಡಿತು. ಗಲಾಟೆಯೆದ್ದು ಡಿಸೆಂಬರ್ 3ರಂದು ಹಿಂದಕ್ಕೆ ಪಡೆಯಿತು.

ಒಲೆಯ ಕಾಲದ ಕಾನೂನು ಹೋಗಿ ಅದರ ಜಾಗಕ್ಕೆ ಬಂದ ಸ್ಪರ್ಧಾ ಆಯೋಗ, 2022ರ ಅಕ್ಟೋಬರ್ 20ರಂದು ಗೂಗಲ್ ಕಂಪೆನಿಗೆ 1,337.76 ಕೋಟಿ ರೂಪಾಯಿ ದಂಡ ವಿಧಿಸಿತು. ಆಂಡ್ರಾಯ್ಡ್ ಬೇಕೆನ್ನುವ ಫೋನು ತಯಾರಕರಿಗೆ ತನ್ನ ಆ್ಯಪುಗಳ ಇಡೀ ಗಂಟನ್ನು ಹೊರಿಸಿದರೆಂಬುದು ಆರೋಪಗಳಲ್ಲಿ ಮುಖ್ಯವಾದುದು. ಮುಂದಿನ ಮಾರ್ಚಿನಲ್ಲಿ ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಎತ್ತಿಹಿಡಿಯಿತು. ಆದರೆ ಬೇಡವಾದ ಆ್ಯಪುಗಳನ್ನು ಅಳಿಸಿಹಾಕಲು ಬಳಕೆದಾರನಿಗೆ ಬಿಡಬೇಕೆಂದು ಆಯೋಗ ಕೊಟ್ಟಿದ್ದ ನಿರ್ದೇಶನವನ್ನು ತೆಗೆದುಹಾಕಿತು. ಒಲೆ ಮಾರಿದುದು ತಪ್ಪು, ಆದರೆ ಅಟ್ಟದಿಂದ ಇಳಿಸಬೇಕಾಗಿಲ್ಲ ಎಂದಂತಾಯಿತು.

ವಿಂಡೋಸ್ 10ರ ಕಥೆಗೆ ಒಂದು ಬಾಲವಿದೆ. 2025ರ ಅಕ್ಟೋಬರ್ 14ರಂದು ಅದಕ್ಕೆ ಮಾಮೂಲು ತೇಪೆಗಳು ನಿಂತುವು. ಹನ್ನೊಂದನೆಯದಕ್ಕೆ ಹೋಗೋಣವೆಂದರೆ ಅದಕ್ಕೆ ಯಂತ್ರದೊಳಗೆ ಒಂದು ವಿಶೇಷ ರಕ್ಷಣಾ ವ್ಯವಸ್ಥೆ ಬೇಕು. ಹಿಂದೆ ಬಲವಂತದ ಅತಿಥಿಯನ್ನು ಇಟ್ಟುಕೊಂಡ ಎಷ್ಟೋ ಹಳೆಯ ಯಂತ್ರಗಳಲ್ಲಿ ಅದಿಲ್ಲ. ಇನ್ನೂ ಒಂದು ವರ್ಷ ತೇಪೆ ಬೇಕೆನ್ನುವ ಮನೆಬಳಕೆಯವರು ಹೆಸರು ನೋಂದಾಯಿಸಿಕೊಳ್ಳಬೇಕೆಂದು ಪ್ರಕಟಣೆ ಹೊರಟಿತು. ಒಂಬತ್ತು ವರ್ಷಗಳ ಹಿಂದೆ ಬೇಡವೆಂದರೂ ಒಳಗೆ ಬಂದವರನ್ನು, ಈಗ ದಯವಿಟ್ಟು ಬನ್ನಿರೆಂದು ಸರದಿಯಲ್ಲಿ ನಿಂತು ಕರೆಯಬೇಕು. ಸರದಿಯಲ್ಲಿ ಹೆಸರು ಬರೆಸುವುದು ನಮಗೇನೂ ಹೊಸತಲ್ಲ. ಅನಿಲದ ಕಾಲದಿಂದಲೂ ಅಭ್ಯಾಸವಾಗಿದೆ.